ನೂಲಿಗಿಲ್ಲದ ಕಸುವು

ಹೋಳಿ ಕಳೆದು ಬಿಸಿಲು ಏರತೊಡಗಿದ್ದ ಒಂದು ಮುಂಜಾನೆ ರಬಕವಿಯ ತಾರವ್ವ ಅಡುಗೆಮನೆಯ ಮೇಲಿನ ಹಲಗೆಯಿಂದ ಬೆಲ್ಲದ ಡಬ್ಬಿ ಇಳಿಸಲು ಬಲಗೈ ಎತ್ತಿದಳು. ಕೈ ಹೆಗಲಿನ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಇನ್ನೊಮ್ಮೆ ಎತ್ತಿದಳು. ಮತ್ತೆ ಅಲ್ಲೇ ನಿಂತಿತು. ಹೇಳಿದ ಮಾತು ಕೇಳದ ಮಗುವನ್ನು ನೋಡುವ ಹಾಗೆ ಅದನ್ನು ಒಂದು ಗಳಿಗೆ ನೋಡಿ, ಎಡಗೈಯಿಂದ ಡಬ್ಬಿ ಇಳಿಸಿಕೊಂಡು ಚಹಾಕ್ಕೆ ಬೆಲ್ಲ ಹಾಕಿದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವಂಥ ನೋವು ಅಂದರೆ ಒಂದೋ ಜ್ವರ, ಇಲ್ಲವೆ ಕಣ್ಣಿಗೆ ಕಾಣುವ ರಕ್ತ ಎಂದು ಅವಳು ಚಿಕ್ಕಂದಿನಿಂದ ತಿಳಿದಿದ್ದಳು.

ಅಂದಿನಿಂದ ಆ ಅಡುಗೆಮನೆ ಕೆಳಗಿಳಿಯತೊಡಗಿತು. ಬೆಲ್ಲದ ಡಬ್ಬಿ ನಡುವಿನ ಹಲಗೆಗೆ ಬಂತು. ಆಮೇಲೆ ಹಿಟ್ಟಿನ ಡಬ್ಬಿ ಬಂತು, ಆಮೇಲೆ ಎಣ್ಣೆಯ ಕ್ಯಾನು, ಶೇಂಗಾ ಚಟ್ನಿಯ ಭರಣಿ. ಯುಗಾದಿಯ ಹೊತ್ತಿಗೆ ಮೇಲಿನ ಹಲಗೆ ಪೂರ್ತಿ ಬರಿದಾಗಿ, ಉಪ್ಪಿನ ಡಬ್ಬಿ, ಎಣ್ಣೆಯ ಕ್ಯಾನು ಒಲೆಯ ಪಕ್ಕ ನೆಲದ ಮೇಲೆ ಕೂತಿದ್ದವು. ಮನೆಯ ಗಂಡಸರಿಬ್ಬರು, ಗಂಡ ನಾಮದೇವ ಮತ್ತು ಮಗ ಸುಭಾಷ್, ಎರಡು ಹೊತ್ತೂ ಅಲ್ಲೇ ಕೂತು ಉಣ್ಣುತ್ತಿದ್ದರು. ಅವರ ಕಣ್ಣಿಗೆ ಇದು ಬೀಳಲಿಲ್ಲ. ಸೊಸೆ ಉಜ್ವಲಾಳ ಕಣ್ಣಿಗೆ ಬಿತ್ತು. ಅವಳು ಏನೂ ಕೇಳದೆ, ಎದ್ದು ನಿಂತು ಮಾಡುತ್ತಿದ್ದ ಕೆಲಸವನ್ನು ಬಗ್ಗಿ ಮಾಡುವುದನ್ನು ರೂಢಿ ಮಾಡಿಕೊಂಡಳು.

ನಾಮದೇವನಿಗೆ ವಿಷಯ ತಿಳಿದದ್ದು ಹೆಂಡತಿಯ ಮುಖ ನೋಡಿ ಅಲ್ಲ, ಸೀರೆ ನೋಡಿ.

ಅವರ ಪಡಸಾಲೆಯಲ್ಲಿ ಕೈಮಗ್ಗದ ಕುಣಿ ಇತ್ತು. ನೆಲದಲ್ಲಿ ತೋಡಿದ ಆ ಕುಣಿಯ ಅಂಚಿಗೆ ಕೂತು, ಕಾಲು ಇಳಿಬಿಟ್ಟು ಕೆಳಗಿನ ಹಲಗೆ ತುಳಿಯುತ್ತ, ಎಡಗೈಯಿಂದ ಎಳೆ ಒತ್ತುವ ಫಣಿ ಬಡಿಯುತ್ತ, ಬಲಗೈಯಿಂದ ಹಗ್ಗದ ಹಿಡಿಕೆ ಜಗ್ಗಿದರೆ ಲಾಳಿ ಸೀರೆಯ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ತಾರವ್ವ ಮದುವೆಯಾಗಿ ಬಂದ ವರ್ಷ ಅತ್ತೆ ಅವಳನ್ನು ಆ ಕುಣಿಗೆ ಇಳಿಸಿದ್ದಳು. ಅತ್ತೆ ಹೋದಳು, ಓಣಿಯ ಕೈಮಗ್ಗಗಳೆಲ್ಲ ಹೋದವು, ಮನೆಮನೆಗೂ ಪಾವರ್‌ಲೂಮ್ ಬಂದು ಗೋಡೆ ನಡುಗುವ ಸಪ್ಪಳ ಬಂತು. ತಾರವ್ವನ ಕುಣಿ ಮಾತ್ರ ಉಳಿಯಿತು. ಅದಕ್ಕೆ ಅವಳದೇ ಒಂದು ಕಾರಣವೂ ಇತ್ತು, ಯಾರ ಮುಂದೆಯೂ ಬಾಯಿ ಬಿಟ್ಟು ಹೇಳದ ಕಾರಣ. ಎರಡು ಕೈ, ಎರಡು ಕಾಲು ನಾಲ್ಕೂ ಕೆಲಸದಲ್ಲಿದ್ದ ಹೆಂಗಸನ್ನು ಮನೆಯವರು ಚಹಾ ಮಾಡು ಎಂದು ಕರೆಯುತ್ತಿರಲಿಲ್ಲ. ಇಡೀ ಮನೆಯಲ್ಲಿ ಅವಳನ್ನು ಯಾರೂ ಕರೆಯದ ಜಾಗ ಅದೊಂದೇ.

ಆ ವರ್ಷ ಯುಗಾದಿಯ ನಂತರದ ಸೀರೆಯ ಬಲ ಅಂಚು ಸಡಿಲಾಗಿ ಬಂತು. ನಾಮದೇವ ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ಸವರಿ, ಕೈಗೆ ಏನಾಗಿದೆ ಎಂದು ಕೇಳಿದ. ಆಗ ತಾರವ್ವ ಹೇಳಿದಳು. ಅವನು ಬೈಯಲಿಲ್ಲ, ಮರುಗಲೂ ಇಲ್ಲ. ಹಿತ್ತಲ ಶೆಡ್ಡಿನಲ್ಲಿ ಮಗನ ಜೊತೆ ಪಾವರ್‌ಲೂಮ್ ನಡೆಸುತ್ತಿದ್ದ ಅವನಿಗೆ ಕೆಟ್ಟುಹೋದ ಭಾಗವನ್ನು ಬಿಚ್ಚಿ ಬದಿಗಿಡುವುದು ಗೊತ್ತಿತ್ತು. ಸುಭಾಷ್ ಬಹಳ ದಿನದಿಂದ ಇನ್ನೊಂದು ಪಾವರ್‌ಲೂಮ್ ಕೂಡಿಸಲು ಪಡಸಾಲೆ ಕೇಳುತ್ತಿದ್ದ. ಅಪ್ಪ ಮಗ ಮಾತಾಡಿಕೊಂಡರು. ನಾಗರ ಪಂಚಮಿ ಹಬ್ಬದವರೆಗೆ ನೋಡುವುದು. ಅಷ್ಟರೊಳಗೆ ಅವಳು ಮಗ್ಗಕ್ಕೆ ಕೂಡುವಂತಾದರೆ ಸರಿ, ಇಲ್ಲವಾದರೆ ಹಬ್ಬದ ಮಾರನೆಯ ದಿನ ಗೌಂಡಿಯನ್ನು ಕರೆಸಿ ಕುಣಿ ಮುಚ್ಚಿಸುವುದು. ಸುಭಾಷ್ ಅಷ್ಟಕ್ಕೇ ನಿಲ್ಲಲಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕುಣಿ ತುಂಬಲು ಒಂದು ಟ್ರ್ಯಾಕ್ಟರ್ ಗರಸು ಮಣ್ಣು ತರಿಸಿ ಬಾಗಿಲ ಮುಂದೆ ಸುರುವಿಸಿಬಿಟ್ಟ. ಕೆಂಪು ಗರಸಿನ ಆ ಗುಡ್ಡೆಯನ್ನು ದಿನಾ ಮುಂಜಾನೆ ಸುತ್ತಿಕೊಂಡು ಹೋಗಿಯೇ ತಾರವ್ವ ಅಂಗಳಕ್ಕೆ ನೀರು ಹಾಕಬೇಕಾಯಿತು.

ಅವಳನ್ನು ಜಮಖಂಡಿಗೆ ಕರೆದುಕೊಂಡು ಹೋದವಳು ಉಜ್ವಲಾ. ಅತ್ತೆ ಸೊಸೆ ಆಧಾರ್ ಕಾರ್ಡ್ ತೋರಿಸಿ ಬಸ್ಸಿನಲ್ಲಿ ಕೂತು ಹೋದರು. ದೊಡ್ಡ ಡಾಕ್ಟರು ನೋಡಿ, ಕೊಯ್ಯುವುದೇನೂ ಬೇಡ, ಪಕ್ಕದ ಕೋಣೆಯಲ್ಲಿ ವ್ಯಾಯಾಮ ಮಾಡಿಸುವ ಗಂಗಾಂಬಿಕಾ ಎಂಬವರಿದ್ದಾರೆ, ಅವರ ಹತ್ತಿರ ಹೋಗಿ ಎಂದು ಕಳಿಸಿದರು.

ಗಂಗಾಂಬಿಕಾ ಬೀಳಗಿ ಕಡೆಯ ರೈತರ ಮಗಳು. ಮೂವತ್ತರ ಆಸುಪಾಸು, ಚುರುಕು ಕೈ, ಗಟ್ಟಿ ದನಿ. ಅವಳ ಕೋಣೆಯ ಗೋಡೆಗೆ ಆಳೆತ್ತರದ ಒಂದು ಚಿತ್ರ ತೂಗುಹಾಕಿತ್ತು. ಚರ್ಮ ಸುಲಿದ ಮನುಷ್ಯ, ಮೈತುಂಬ ಕೆಂಪು ಎಳೆ. ತಾರವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಅವಳಿಗೆ ಹೇಸಿಕೆ ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಅಷ್ಟು ನಯವಾದ ನೂಲಿನ ಹಾಸನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಎದೆಯ ಮೇಲೆ ಬೀಸಣಿಗೆಯ ಹಾಗೆ ಹರಡಿ, ಹೆಗಲಿನಲ್ಲಿ ಒಟ್ಟುಗೂಡಿ, ತೋಳಿನುದ್ದಕ್ಕೆ ಇಳಿದ ಆ ಎಳೆಗಳಲ್ಲಿ ಒಂದೂ ಇನ್ನೊಂದರ ಮೇಲೆ ಹತ್ತಿರಲಿಲ್ಲ. ಒಂದೂ ಸಡಿಲಿರಲಿಲ್ಲ. ಇದನ್ನು ಯಾರು ಹಾಸಿದರು ಎಂದು ಸೊಸೆಯ ಕಿವಿಯಲ್ಲಿ ಕೇಳಿದಳು. ಉಜ್ವಲಾ, ನಿಮ್ಮೊಳಗೂ ಹೀಗೇ ಇದೆ ಅಂದಾಗ ತಾರವ್ವ ತನ್ನ ಸೆರಗಿನ ಮೇಲಿಂದ ತೋಳನ್ನು ಮುಟ್ಟಿ ನೋಡಿಕೊಂಡಳು.

ಗಂಗಾಂಬಿಕಾ ಅವಳ ಕೈಯನ್ನು ಆಚೆ ಈಚೆ ತಿರುವಿ, ಹಿಂಡಿದರೆ ಮುಳ್ಳು ಓಡುವ ಒಂದು ಸಣ್ಣ ಯಂತ್ರವನ್ನು ಮುಷ್ಟಿಯಲ್ಲಿ ಹಿಡಿಸಿ ಬಲ ಅಳೆದಳು. ಆಮೇಲೆ ಎಲ್ಲರಿಗೂ ಹೇಳುವ ಹಾಗೆಯೇ ಇವಳಿಗೂ ತಿಳಿಸಿ ಹೇಳಿದಳು. ಹೆಗಲಿನೊಳಗೆ ದಪ್ಪ ದಾರದಂಥದ್ದು ಒಂದಿದೆ, ಅದು ಅರ್ಧ ಹರಿದಿದೆ, ಅಷ್ಟೆ. ಹಳದಿ ರಬ್ಬರಿನ ಒಂದು ಪಟ್ಟಿ ಕೊಟ್ಟು, ಇದನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಮುಂಜಾನೆ ಸಂಜೆ ಹೀಗೆ ಹೀಗೆ ಜಗ್ಗಿ ಎಂದು ತೋರಿಸಿದಳು. ಸ್ವಲ್ಪ ನೋವಾದರೂ ಬಿಡಬೇಡಿ, ಬಹಳ ಆದರೆ ನಿಲ್ಲಿಸಿ, ತಿಂಗಳು ಬಿಟ್ಟು ಬನ್ನಿ ಅಂದಳು.

ತಾರವ್ವ ತಲೆಯಾಡಿಸಿದಳು. ಆದರೆ ಅವಳ ಮನಸ್ಸಿನಲ್ಲಿ ನಿಂತದ್ದು ಒಂದೇ ಮಾತು: ದಾರ ಅರ್ಧ ಹರಿದಿದೆ.

ಅರ್ಧ ಹರಿದ ದಾರವನ್ನು ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಗ್ಗದ ಮೇಲೆ ಎಳೆ ತೆಳ್ಳಗಾಗಿದ್ದು ಕಂಡರೆ ಮೊದಲು ಬಿಗಿ ಇಳಿಸಬೇಕು. ಬೆರಳಿಗೆ ಗಂಜಿ ಹಚ್ಚಿಕೊಂಡು ಮೆಲ್ಲಗೆ ಹೊಸೆಯಬೇಕು. ಸೀರೆ ಮುಗಿಯುವವರೆಗೆ ಅದನ್ನು ಕಣ್ಣಲ್ಲಿಟ್ಟು ಕಾಯಬೇಕು. ಜಗ್ಗುವುದಂತೂ ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ. ನೂಲು ಮಗ್ಗಕ್ಕೆ ಬಂದ ದಿನ ಎಷ್ಟು ಗಟ್ಟಿ ಇರುತ್ತದೋ ಅದೇ ಅದರ ಗಟ್ಟಿತನ. ಫಣಿಯ ಒಂದೊಂದು ಬಡಿತಕ್ಕೂ ಅದರಲ್ಲಿ ಒಂದಿಷ್ಟು ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಕಸುವು ಅಂದರೆ ಉಳಿಸಿ ಉಳಿಸಿ ಬಳಸುವ ವಸ್ತು. ತನ್ನ ತೋಳಿನಲ್ಲಿ ಇನ್ನು ಅರ್ಧವೇ ಉಳಿದಿದೆ, ಅದನ್ನು ಈ ಹಳದಿ ಪಟ್ಟಿ ಜಗ್ಗುತ್ತ ಚಿಲಕಕ್ಕೆ ಸುರಿಯುವುದೇ? ಡಾಕ್ಟರಬಾಯಿಗೆ ವಯಸ್ಸು ಸಣ್ಣದು, ಮಗ್ಗದ ಮನೆಯವಳೂ ಅಲ್ಲ, ಅವಳಿಗೆ ಪಾಪ ಗೊತ್ತಿಲ್ಲ ಎಂದುಕೊಂಡಳು.

ಹೀಗಾಗಿ ರಬ್ಬರ್ ಪಟ್ಟಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಬಿಗಿಯಾಗಿ ಕೂತಿತು. ತಾರವ್ವ ಹಳೆಯ ಸೀರೆಯ ಅಂಚು ಹರಿದು ಕೈಯನ್ನು ಕೊರಳಿಗೆ ತೂಗುಹಾಕಿಕೊಂಡಳು. ಎರಡು ಹೊತ್ತು ಜೋಳದ ಗಂಜಿ ಕುಡಿದಳು, ಹೆಗಲಿಗೂ ಒಂದಿಷ್ಟು ಬೆಚ್ಚಗೆ ಸವರಿಕೊಂಡಳು. ಉಜ್ವಲಾ ಒಮ್ಮೆ ಪಟ್ಟಿಯ ಸುದ್ದಿ ತೆಗೆದದ್ದಕ್ಕೆ, ನಾನು ನೇಕಾರಗಿತ್ತಿ, ನನಗೆ ಎಳೆಯ ಸಂಗತಿ ಹೇಳಬೇಡ ಎಂದು ಬಾಯಿ ಮುಚ್ಚಿಸಿದಳು.

ತಿಂಗಳಾದ ಮೇಲೆ ಜಮಖಂಡಿಯಲ್ಲಿ ಮುಳ್ಳಿನ ಯಂತ್ರ ಹಿಂಡಿದರೆ, ಮುಳ್ಳು ಹೋದ ಸಲದಷ್ಟೂ ಏರಲಿಲ್ಲ.

ಗಂಗಾಂಬಿಕಾ ಯಂತ್ರವನ್ನು ಮೇಜಿನ ಮೇಲಿಟ್ಟು, ದಿನಾ ಜಗ್ಗಿದ್ದು ನಿಜವೇ ಎಂದು ಕೇಳಿದಳು. ತಾರವ್ವನಿಗೆ ಸುಳ್ಳು ಹೇಳಲು ಬರಲಿಲ್ಲ.

"ನೀವ ಅಂದ್ರಿ ಬಾಯಾರ, ದಾರ ಅರ್ಧ ಹರದೈತಿ ಅಂತ. ಅರ್ಧ ಹರದ ಎಳಿ ಯಾರರ ಜಗ್ಗತಾರೇನ್ರಿ?"

ಗಂಗಾಂಬಿಕಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕೊರಳಿಗೆ ಕಟ್ಟಿದ ಸೀರೆಯಂಚು, ಹೆಗಲ ಮೇಲೆ ಒಣಗಿ ಬಿಳುಪಾದ ಗಂಜಿಯ ಪೊರೆ ಆಗ ಅವಳ ಕಣ್ಣಿಗೆ ಬಿದ್ದವು. ಅವಳು ಹಣೆ ಒತ್ತಿಕೊಂಡು ನಕ್ಕಳು. ಕಬ್ಬಿನವರಿಗೆ, ಮೇಷ್ಟರುಗಳಿಗೆ, ಕಂಡಕ್ಟರುಗಳಿಗೆ ಇದೇ ದಾರದ ಮಾತು ಹೇಳಿದ್ದೇನೆ, ಅವರೆಲ್ಲ ಸುಮ್ಮನೆ ಜಗ್ಗಿದರು, ದಾರದ ಮಾತನ್ನು ದಾರವೆಂದೇ ತಿಳಿದವರು ನೀವೊಬ್ಬರೇ, ತಪ್ಪು ನನ್ನದು ಅಂದಳು. ಆಮೇಲೆ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

"ನೂಲಿನ ಗಟ್ಟಿತನ ಬ್ಯಾರೆ ತಾರಕ್ಕ, ಮೈಯಿನ ಕಸುವು ಬ್ಯಾರೆ. ನೂಲು ಜಗ್ಗಿದಷ್ಟೂ ಸವೀತೈತಿ, ಅದು ನೀವು ಹೇಳಿದ್ದ ಖರೆ. ಮೈ ಹಂಗಲ್ಲ. ಜಗ್ಗಿದಾಗ ಅದೂ ಒಳಗ ಸಣ್ಣಗ ಹರೀತೈತಿ. ಆದ್ರ ಆಮ್ಯಾಲ ಬಿಟ್ಟು ನೋಡ್ರಿ. ಹರದಲ್ಲೆ ತಾನ ನೇಯ್ಕೋತೈತಿ. ಮದಲಿದ್ದಷ್ಟ ಅಲ್ಲ, ಒಂದೆಳಿ ಹೆಚ್ಚಿಗಿ ಹಾಕಿ ನೇಯ್ಕೋತೈತಿ."

"ಯಾರು ನೇಯತಾರ?"

"ಯಾರೂ ಇಲ್ಲ. ಅದ."

"ಯಾವಾಗರೀ?"

"ನೀವು ಸುಮ್ಮನಿದ್ದಾಗ. ಹೊಟ್ಟಿ ತುಂಬ ಉಂಡು ಮಲಗಿದಾಗ."

ತಾರವ್ವ ಗೋಡೆಯ ಮೇಲಿನ ಕೆಂಪು ಮನುಷ್ಯನ ಕಡೆ ತಿರುಗಿದಳು. ಅವಳು ಲೆಕ್ಕವಿಲ್ಲದಷ್ಟು ಸೀರೆ ನೇಯ್ದವಳು. ಹರಿದ ಎಳೆ ರಾತ್ರಿ ತಾನೇ ಕೂಡಿಕೊಂಡು ಬೆಳಗಾಗುವುದರೊಳಗೆ ದಪ್ಪಗಾಗಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ, ಕೇಳಿರಲಿಲ್ಲ. ನೇಕಾರನಿಲ್ಲದ ಮಗ್ಗ. ಲಾಳಿಯ ಸದ್ದಿಲ್ಲ, ದೀಪ ಬೇಕಿಲ್ಲ. ಅದು ತನ್ನ ಚರ್ಮದ ಕೆಳಗೇ ಇದೆ, ಹುಟ್ಟಿದಾಗಿನಿಂದ ಇದೆ, ತನಗೆ ಯಾರೂ ಹೇಳಿರಲಿಲ್ಲ. ಅವಳು ದೇವರ ಗುಡಿಯಲ್ಲಿ ನಿಂತವರ ಹಾಗೆ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡಳು.

ಪಕ್ಕದ ಮಂಚದ ಮೇಲೆ ಮೊಣಕಾಲಿಗೆ ಶಾಖ ಕೊಡಿಸಿಕೊಳ್ಳುತ್ತ ಒಬ್ಬ ದೈತ್ಯ ಕೂತಿದ್ದ. ಮುಧೋಳದ ಹೊಳೆಪ್ಪ, ಒಂದು ಕಾಲದ ಹೆಸರಾಂತ ಪೈಲವಾನ. ಈಗ ಸಕ್ಕರೆ ಕಾರ್ಖಾನೆಯ ಗೇಟು ಕಾಯುತ್ತಿದ್ದ. ಕುತ್ತಿಗೆ ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದಂಥ ಮೈ. ಈ ಮಾತೆಲ್ಲ ಕೇಳಿಸಿಕೊಂಡಿದ್ದ ಅವನು ಮುಳ್ಳಿನ ಯಂತ್ರ ಇಸಿದುಕೊಂಡು ಒಮ್ಮೆ ಹಿಂಡಿದ. ಮುಳ್ಳು ಓಡಿದ ರೀತಿಗೆ ತಾರವ್ವನ ಬಾಯಿ ತೆರೆದುಕೊಂಡಿತು. ಈಗ ಅದರ ಅರ್ಧಕ್ಕೆ ತಂದು ಹಾಗೇ ಹಿಡಿದಿರಿ ಎಂದಳು ಗಂಗಾಂಬಿಕಾ. ಹೊಳೆಪ್ಪ ಹಿಡಿದ. ಸ್ವಲ್ಪ ಹೊತ್ತಿಗೆ ಅವನ ಮುಂಗೈ ನಡುಗಿತು, ಮುಳ್ಳು ಜಾರಿತು. ಅವನು ನಾಚಿಕೊಳ್ಳಲಿಲ್ಲ, ನಕ್ಕ.

"ತಾಕತ್ತ ಬ್ಯಾರೆ, ದಮ್ಮ ಬ್ಯಾರೆ ಯಕ್ಕಾ. ನಂದು ಒಂದ ಹೊಡತಕ್ಕ ಎತ್ತಿ ಒಗಿಯೂ ತಾಕತ್ತ. ಹಿಡಕೊಂಡು ನಿಲ್ಲೂ ದಮ್ಮ ನನಗ ಎಂದೂ ಇರಲಿಲ್ಲ."

ಆಮೇಲೆ ಅವನು ತನ್ನ ತಾಲೀಮಿನ ಕಾಲದ ಕಥೆ ತೆಗೆದ. ಬೆಳಕು ಹರಿಯುವ ಮೊದಲು ಮಣ್ಣಿಗಿಳಿದು ಬೈಠಕ್ಕು, ದಂಡ, ಜೋಡಿ ಕುಸ್ತಿ. ಅದು ಮುಗಿದ ಕೂಡಲೇ ಹಾಲು, ಬಾದಾಮಿ, ತುಪ್ಪ ಹಚ್ಚಿದ ರೊಟ್ಟಿ. ಆಮೇಲೆ ಎಲ್ಲ ಹುಡುಗರನ್ನು ಸಾಲಾಗಿ ಮಲಗಿಸಿ ಕುಸ್ತಿ ಕಲಿಸುವ ವಸ್ತಾದ ಬಾಗಿಲಲ್ಲಿ ಕೋಲು ಹಿಡಿದು ಕೂಡುತ್ತಿದ್ದನಂತೆ. ಯಾರಾದರೂ ಎದ್ದರೆ ಏಟು, ಹೊರಗಿನವರು ಬಂದು ಎಬ್ಬಿಸಿದರೆ ಅವರಿಗೂ ಏಟು. ಬಾಯಾರು ಇವತ್ತು ಹೇಳಿದ್ದನ್ನು ನಮ್ಮ ವಸ್ತಾದ ಕೋಲಿನಿಂದ ಹೇಳುತ್ತಿದ್ದ ಅಂದ ಹೊಳೆಪ್ಪ.

ತಾರವ್ವ ಅವನ ಕಡೆ ತಿರುಗಿ ಕೇಳಿದಳು.

"ನೀ ಮಲಗಿದಾಗ ರೊಟ್ಟಿ ಯಾರು ಬಡೀತಿದ್ರಪಾ?"

"ನಮ್ಮವ್ವ."

"ಆಕಿ ಯಾವಾಗ ಮಲಗತಿದ್ಲು?"

ಹೊಳೆಪ್ಪ ಮೊಣಕಾಲಿನ ಮೇಲಿನ ಬಿಸಿ ಚೀಲವನ್ನು ಸರಿಪಡಿಸಿಕೊಂಡ, ಕಿಟಕಿಯ ಹೊರಗೆ ನೋಡಿದ. ನಮ್ಮವ್ವ ಮಲಗಿದ್ದನ್ನು ನಾನು ನೋಡಿಲ್ಲ ಎಂದು ಕೊನೆಗೆ ಹೇಳಿದಾಗ ಅವನ ದನಿ ಆ ಮೈಗೆ ಒಪ್ಪದಷ್ಟು ಸಣ್ಣದಾಗಿತ್ತು.

ಬಸ್ಸು ರಬಕವಿಗೆ ಬರುವವರೆಗೂ ತಾರವ್ವ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಜಗ್ಗುವುದು ಒಂದು, ಬಿಡುವುದು ಇನ್ನೊಂದು, ಎರಡೂ ಸೇರಿದರೆ ಕಸುವು. ತಾನು ಅರ್ಧ ಮಾತ್ರ ಮಾಡಿದ್ದಳು. ಮಗ್ಗದಿಂದ ಎದ್ದರೆ ನೀರು, ನೀರಿನಿಂದ ಎದ್ದರೆ ಹಿಟ್ಟು, ಹಿಟ್ಟು ಮುಗಿದರೆ ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು, ಮಗ್ಗದ ಆಯಾಸ ಆರುವ ಮೊದಲೇ ಅದೇ ಹೆಗಲಿಗೆ ಕೊಡ. ಮೈಯನ್ನು ಅವಳು ನೂಲಿನ ಹಾಗೆ ಬಳಸಿದ್ದಳು, ಅದು ನೂಲಿನ ಹಾಗೆ ಸವೆಯಿತು. ಆದರೂ ಇಷ್ಟು ವರ್ಷ ತಡೆಯಿತಲ್ಲ ಎಂದು ಅವಳಿಗೆ ಬೆರಗಾಯಿತು. ಬಿಡುವೇ ಕಾಣದ ಆ ಒಳಗಿನ ಮಗ್ಗ ಯಾವ ಸಂದಿಯಲ್ಲಿ, ಯಾವ ಅರೆನಿದ್ದೆಯಲ್ಲಿ ಅಷ್ಟಿಷ್ಟು ನೇಯ್ದು ಅವಳನ್ನು ಇಲ್ಲಿಯವರೆಗೆ ತಂದಿತ್ತು?

ಮನೆಗೆ ಬಂದವಳೇ ಉಪ್ಪಿನಕಾಯಿ ಭರಣಿಯಿಂದ ರಬ್ಬರ್ ಪಟ್ಟಿ ಬಿಚ್ಚಿ ತೊಳೆದು ಚಿಲಕಕ್ಕೆ ಕಟ್ಟಿದಳು.

ಜಗ್ಗುವುದು ಕಷ್ಟವಾಗಲಿಲ್ಲ, ಅದು ಅವಳ ಹಳೆಯ ಕಸುಬು. ಕಷ್ಟವಾದದ್ದು ಬಿಡುವುದು. ಮಧ್ಯಾಹ್ನ ಉಂಡ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದರೆ, ಓಣಿಯಲ್ಲಿ ಹೋಗುವ ಹೆಂಗಸರೆಲ್ಲ ಇಣುಕಿ ಜ್ವರವೇ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಎದುರು ಮನೆಯ ಮಾಳು, ನಾಮದೇವಣ್ಣನ ಮನೆಗೆ ರಾಣಿಯರು ಬಂದಿದ್ದಾರೆ ಎಂದು ಕಟ್ಟೆಯ ಮೇಲೆ ಕೂತು ನಕ್ಕ. ತಾರವ್ವ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು. ಮೊದಮೊದಲು ನಿದ್ದೆ ಬರಲಿಲ್ಲ. ಪಾತ್ರೆಯ ಸಪ್ಪಳವಾದರೆ ಕಾಲು ತಾನಾಗಿ ಏಳುತ್ತಿತ್ತು. ಕ್ರಮೇಣ ಕಾಲಿಗೂ ಅರ್ಥವಾಯಿತು.

ಆಮೇಲೆ ಆ ಅಡುಗೆಮನೆ ಮೇಲೆ ಹತ್ತತೊಡಗಿತು. ಕಾರಹುಣ್ಣಿಮೆಯ ಹೊತ್ತಿಗೆ ಉಪ್ಪಿನ ಡಬ್ಬಿ ನೆಲದಿಂದ ಎದ್ದಿತು. ಮಳೆ ಶುರುವಾಗಿ ಬಾಗಿಲ ಮುಂದಿನ ಗರಸು ಓಣಿಯುದ್ದಕ್ಕೂ ಕೆಂಪಗೆ ಹರಿಯುವಾಗ ಎಣ್ಣೆಯ ಕ್ಯಾನು ನಡುವಿನ ಹಲಗೆಗೆ ಬಂತು. ಒಂದು ದಿನ ಸ್ನಾನ ಮಾಡುವಾಗ ತಾರವ್ವನ ಎಡ ಅಂಗೈಗೆ ಬಲ ಹೆಗಲಿನ ಮೇಲೆ, ಮೊದಲು ಕುಳಿ ಬಿದ್ದಿದ್ದ ಜಾಗದಲ್ಲಿ, ಏನೋ ತುಂಬಿಕೊಂಡದ್ದು ಸಿಕ್ಕಿತು. ಒತ್ತಿದಳು. ಅದು ತಿರುಗಿ ಒತ್ತಿತು. ತಲೆಯ ಮೇಲಿಂದ ನೀರು ಇಳಿಯುತ್ತಿರಲು ಅವಳು ಹಾಗೇ ಕೂತುಬಿಟ್ಟಳು. ಐವತ್ತು ದಾಟಿದ, ಮಕ್ಕಳನ್ನು ಹೆತ್ತ, ಎಲ್ಲರೂ ಮುಗಿಯಿತೆಂದು ಬದಿಗಿಟ್ಟ ಈ ಮೈ ಹೊಸದನ್ನು ಹುಟ್ಟಿಸುತ್ತಿದೆ. ಬಸುರಿಯಾದಾಗ ಮೊದಲ ಸಲ ಹೊಟ್ಟೆ ಮುಟ್ಟಿಕೊಂಡಾಗ ಆದ ಬೆರಗು ಅದು. ಆಗ ಊರೆಲ್ಲ ಸಂಭ್ರಮಿಸಿತ್ತು. ಈ ಸಲ ಬಚ್ಚಲುಮನೆಯಲ್ಲಿ ಅವಳೊಬ್ಬಳೇ ಇದ್ದಳು.

ಪಂಚಮಿಗೆ ಇನ್ನು ಸ್ವಲ್ಪವೇ ದಿನ ಇತ್ತು. ಬೆಲ್ಲದ ಡಬ್ಬಿ ಮೇಲಿನ ಹಲಗೆಗೆ ಹತ್ತುವುದೊಂದು ಬಾಕಿ. ಅಂದು ಮುಂಜಾನೆ ಅದನ್ನು ಎತ್ತಿಡಬೇಕೆಂದು ಹೋದರೆ, ತಾನು ನಡುವಿನ ಹಲಗೆಯಲ್ಲಿಟ್ಟಿದ್ದ ಹಿಟ್ಟಿನ ಡಬ್ಬಿ ಅಲ್ಲಿರಲಿಲ್ಲ. ಅದು ನೆಲದ ಮೇಲಿತ್ತು. ಅದರ ಪಕ್ಕದಲ್ಲಿ ಎಣ್ಣೆಯ ಕ್ಯಾನು ಕೂತಿತ್ತು.

ತಾರವ್ವ ಹಿತ್ತಲಿನ ಬಾಗಿಲಿಗೆ ಹೋಗಿ ನಿಂತಳು. ಉಜ್ವಲಾ ನಳದಿಂದ ತುಂಬಿದ ಕೊಡ ಎತ್ತುತ್ತಿದ್ದಳು. ಬಲಗೈ ಕೊಡದ ಕಂಠದವರೆಗೆ ಬಂದು ನಿಂತಿತು. ಎಡಗೈ ನೆರವಿಗೆ ಬಂತು. ಯಾರಾದರೂ ನೋಡಿದರೇ ಎಂದು ಅವಳು ಆಚೆ ಈಚೆ ಕಣ್ಣಾಡಿಸಿದಳು.

ತಾರವ್ವನಿಗೆ ಎಲ್ಲ ಒಂದೇ ಸಲಕ್ಕೆ ಕಂಡಿತು. ತಾನು ಮಲಗಿದ ಮಧ್ಯಾಹ್ನಗಳ ನೀರು, ಹಿಟ್ಟು, ಬಟ್ಟೆ, ಕಂಡಿಕೆ ಎಲ್ಲಿ ಹೋದವು ಎಂದು ಅವಳು ಕೇಳಿರಲಿಲ್ಲ. ಹೊಳೆಪ್ಪನಿಗೆ ಅಷ್ಟು ಚುಚ್ಚಿ ಕೇಳಿದ ಪ್ರಶ್ನೆಯನ್ನು ತನಗೆ ಕೇಳಿಕೊಂಡಿರಲಿಲ್ಲ. ತನ್ನ ಹೆಗಲಿಗೆ ಬಂದ ಹೊಸ ಎಳೆ ಈ ಹುಡುಗಿಯ ಹೆಗಲಿನಿಂದ ಬಿಚ್ಚಿಕೊಂಡು ಬಂದದ್ದು.

ಅವಳು ಒಳಗೆ ಬಂದಳು. ಚಿಲಕದಿಂದ ಪಟ್ಟಿ ಬಿಚ್ಚಿ ಮತ್ತೆ ಉಪ್ಪಿನಕಾಯಿ ಭರಣಿಗೆ ಕಟ್ಟಿದಳು. ಮರದ ಕೊಣಮಿಗೆಗೆ ಹಿಟ್ಟು ಸುರುವಿ, ಕುದಿಯುವ ನೀರು ಹೊಯ್ದು, ನಾದಲು ಕೂತಳು. ಉಜ್ವಲಾ ಓಡಿ ಬಂದು ಕೈ ಹಿಡಿದರೆ, ಹೋಗಿ ಮಲಗು ಅಂದಳು. ಹಬ್ಬ ಹತ್ತಿರ ಬಂದಿದೆ, ಈಗ ಕೈ ಕೆಟ್ಟರೆ ಕುಣಿ ಹೋಗುತ್ತದೆ ಎಂದು ಉಜ್ವಲಾ ಅತ್ತಳು. ಹೋಗಲಿ ಅಂದಳು ತಾರವ್ವ.

ಮಧ್ಯಾಹ್ನ ಊಟಕ್ಕೆ ಬಂದ ನಾಮದೇವ ಹೆಂಡತಿ ರೊಟ್ಟಿ ಬಡಿಯುವುದನ್ನು ಕಂಡ. ಚಿಲಕ ನೋಡಿದ, ಭರಣಿ ನೋಡಿದ. ಇಷ್ಟು ತಿಂಗಳಿನಿಂದ ಅವನು ಏನನ್ನೂ ಗಮನಿಸಿಲ್ಲವೆಂದು ತಾರವ್ವ ತಿಳಿದಿದ್ದಳು. ಪಟ್ಟಿಯನ್ನು ಅವನು ಗಮನಿಸಿದ್ದ.

"ಯಾಕ ಬಿಚ್ಚಿದಿ?"

"ಉಜ್ವಲಾನ ಹೆಗಲು ಹೊಂಟೈತ್ರಿ. ನಾ ಮಲಗಬೇಕಂದ್ರ ಆಕಿ ಎದ್ದಿರಬೇಕು. ಆಕಿ ಮಲಗಬೇಕಂದ್ರ ನಾ ಏಳಬೇಕು. ಈ ಮನ್ಯಾಗ ಇರೂದು ಎರಡ ಹೆಗಲು."

"ಹಂಗಾರ ಕುಣಿ ಮುಚ್ಚೂದ?"

"ಮುಚ್ಚರಿ. ನನ್ನ ಕುಣಿ ಆಕಿ ಮೈಮ್ಯಾಲೆ ಬ್ಯಾಡ."

ನಾಮದೇವ ಗಂಗಾಳದ ಮುಂದೆ ಕೂತ. ರೊಟ್ಟಿ ಮುರಿದ, ಬಾಯಿಗಿಡಲಿಲ್ಲ. ಪಡಸಾಲೆಯ ಕಡೆ ನೋಡಿದ. ಆ ಕುಣಿಯ ಅಂಚಿನಲ್ಲೇ ಅವನ ಅವ್ವ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ನೇಯುತ್ತಿದ್ದಳು. ಮಲಗಿದ ಅವ್ವ ಅವನ ನೆನಪಿನಲ್ಲೂ ಇರಲಿಲ್ಲ. ಇರುವುದು ಎರಡೇ ಹೆಗಲು ಎಂಬ ಮಾತು ಅವನನ್ನು ಎಲ್ಲಿ ಹೊಡೆಯಿತೋ ಗೊತ್ತಿಲ್ಲ. ಆ ಮನೆಯಲ್ಲಿ ಹೆಗಲು ಎರಡಲ್ಲ, ಎಣಿಸಿದರೆ ಇನ್ನೂ ಇದ್ದವು.

ಮಾರನೆಯ ಮುಂಜಾನೆ ಅವನು ಮುಂಬಾಗಿಲು ಹಾಕಿ ಅಗಳಿ ಏರಿಸಿ, ಅಡುಗೆಮನೆಯಲ್ಲಿ ಹಿಟ್ಟಿನ ಮುಂದೆ ಚಕ್ಕಳಮಕ್ಕಳ ಕೂತ. ಸುಭಾಷನಿಗೆ ಕೊಡ ತೋರಿಸಿದ. ಸುಭಾಷ್ ಅಪ್ಪನ ಮುಖ ನೋಡಿ ಕೊಡ ಎತ್ತಿಕೊಂಡು ನಳಕ್ಕೆ ಹೋದ.

ಬಾಗಿಲು ಹಾಕಿದರೂ ರೊಟ್ಟಿ ಬಡಿಯುವ ಸಪ್ಪಳ ಓಣಿಗೆ ಕೇಳುತ್ತದೆ. ಈ ಸಪ್ಪಳ ಹೆಂಗಸರದಲ್ಲವೆಂದು ಓಣಿಗೆ ಗೊತ್ತಾಗಲು ಎರಡು ರೊಟ್ಟಿಯೂ ಬೇಕಾಗಲಿಲ್ಲ. ಮಾಳು ಕಟ್ಟೆಯ ಮೇಲಿಂದ ಕೂಗಿದ.

"ನಾಮದೇವಣ್ಣಾ, ಬಾಗಲಾ ಯಾಕ ಹಾಕೀರಿ? ರೊಟ್ಟಿ ಓಡಿ ಹೋಗತಾವೇನು?"

ಒಳಗೆ ನಾಮದೇವ ಬೆವರುತ್ತಿದ್ದ. ದಿನವಿಡೀ ಮಗ್ಗದ ಮುಂದೆ ನಿಂತು ಅಭ್ಯಾಸವಾದ ಆ ಗಂಡಸಿನ ಮಣಿಕಟ್ಟು ಬಿಸಿ ಹಿಟ್ಟು ನಾದುವುದರಲ್ಲೇ ಸೋತುಹೋಗಿತ್ತು. ಮೊದಲನೆಯ ರೊಟ್ಟಿ ಕೈಯಲ್ಲೇ ಹರಿಯಿತು. ಎರಡನೆಯದು ಹಂಚಿನ ಮೇಲೆ. ಹೆಂಡತಿಯ ಕೈಯನ್ನು ನೋಡಿದ, ತನ್ನ ಕೈ ನೋಡಿಕೊಂಡ. ಇದಕ್ಕೆ ಇಷ್ಟು ಕಸುವು ಬೇಕೇನು ಎಂದು ಕೇಳಿದ. ಹಾಸ್ಯಕ್ಕಲ್ಲ, ನಿಜವಾಗಿ ಕೇಳಿದ. ಬಾಗಿಲಲ್ಲಿ ನಿಂತಿದ್ದ ತಾರವ್ವ ನಗು ತಡೆದುಕೊಂಡು, ಪಟ್ಟಿಯನ್ನು ಭರಣಿಯಿಂದ ಬಿಚ್ಚಿದಳು. ಮೂರನೆಯ ದಿನ ಅವನು ಬಾಗಿಲು ತೆರೆದಿಟ್ಟೇ ರೊಟ್ಟಿಗೆ ಕೂತ. ಒಳಗೆ ಸೆಕೆ ಎಂದು ಕಾರಣ ಹೇಳಿದ.

ಪಂಚಮಿ ಬಂತು. ಉಂಡಿ ಕಟ್ಟಿದರು, ಜೋಕಾಲಿ ಆಡಿದರು, ಹಬ್ಬ ಮುಗಿಯಿತು. ಮಾರನೆಯ ದಿನ ಬೆಳಿಗ್ಗೆ ತಾರವ್ವ ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟಳು. ನಾಮದೇವ ಕಂಬಕ್ಕೆ ಒರಗಿ ನಿಂತ. ಸುಭಾಷ್ ಗೌಂಡಿಗೆ ಫೋನು ಮಾಡಲೋ ಬೇಡವೋ ಎಂದು ಮೊಬೈಲ್ ಕೈಯಲ್ಲಿ ಹಿಡಿದಿದ್ದ. ಉಜ್ವಲಾ ನೋಡಲಾರದೆ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು.

ತಾರವ್ವ ಹಿಡಿಕೆ ಹಿಡಿದಳು. ಜಗ್ಗಿದಳು.

ಲಾಳಿ ಓಡಿತು. ಅಂಚು ಮುಟ್ಟಿ ಟಕ್ಕೆಂದಿತು. ಇನ್ನೊಮ್ಮೆ ಓಡಿತು. ಹಿತ್ತಲ ಶೆಡ್ಡಿನಲ್ಲಿ ಅಂದು ಪಾವರ್‌ಲೂಮ್ ನಿಂತಿದ್ದವು. ಆ ಸಣ್ಣ ಸಪ್ಪಳ ಮನೆಯ ಎಲ್ಲ ಕೋಣೆಗೂ ಹೋಯಿತು. ಅಡುಗೆಮನೆಯಲ್ಲಿ ಉಜ್ವಲಾ ಹಾಗೇ ಬೆನ್ನು ತಿರುಗಿಸಿಕೊಂಡೇ ಕೇಳಿದಳು, ನಿಲ್ಲುತ್ತದೆಯೋ ಎಂದು ಕಾದಳು. ಅದು ನಿಲ್ಲಲಿಲ್ಲ. ಒಂದು ಗೇಣಿನಷ್ಟು ಸೀರೆ ಬಂತು. ನಾಮದೇವ ಬಗ್ಗಿ ಬಲ ಅಂಚನ್ನು ಬೆರಳಿನಿಂದ ಸವರಿದ. ಬಿಗಿಯಾಗಿತ್ತು.

ಆಗ ತಾರವ್ವ ತಾನಾಗಿ ಹಿಡಿಕೆ ಬಿಟ್ಟಳು. ನೋವಾಯಿತೇ ಎಂದು ಸುಭಾಷ್ ಕೇಳಿದ. ಇಲ್ಲ, ಇವತ್ತಿಗೆ ಇಷ್ಟು ಎಂದು ಹೇಳಿ ಕುಣಿಯಿಂದ ಕಾಲು ಮೇಲೆತ್ತಿದಳು. ನೋವಿಲ್ಲದೆ ಮಗ್ಗದಿಂದ ಎದ್ದದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಸುಭಾಷ್ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಉಂಡಾದ ಮೇಲೆ ಸಲಿಕೆ ಬುಟ್ಟಿ ತೆಗೆದುಕೊಂಡು ಹೊರಗೆ ಹೋದ. ಮಳೆಗೆ ಕೊಚ್ಚಿ ಉಳಿದಿದ್ದ ಗರಸಿನಿಂದ ಓಣಿಯ ತಗ್ಗುಗಳನ್ನಾದರೂ ಮುಚ್ಚೋಣ ಎಂದು ಗುಡ್ಡೆಗೆ ಸಲಿಕೆ ಹಾಕಿದ. ಕಲ್ಲಿಗೆ ಕಬ್ಬಿಣ ತಾಗಿ ಕರಕರ ಎಂದಿತು.

ಹೊಸ್ತಿಲಲ್ಲಿ ತಾರವ್ವ ಕೂತಿದ್ದಳು. ಅವಳ ಬೆನ್ನ ಹಿಂದೆ, ಪಡಸಾಲೆಯ ಚಾಪೆಯ ಮೇಲೆ, ಮದುವೆಯಾಗಿ ಬಂದ ಮೇಲೆ ಮೊದಲ ಬಾರಿಗೆ ಹಗಲು ಹೊತ್ತಿನಲ್ಲಿ ಉಜ್ವಲಾ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಬಲಗೈ ಮೈಯಿಂದ ದೂರ ಚೆಲ್ಲಿತ್ತು, ಮಗುವಿನ ಕೈಯ ಹಾಗೆ.

ತಾರವ್ವ ಮಗನ ಕಡೆ ಬೆರಳೆತ್ತಿದಳು.

"ಸಪ್ಪಳ ಮಾಡಬ್ಯಾಡಪಾ. ಒಳಗ ನೇಯ್ಗಿ ನಡದೈತಿ."

ಸುಭಾಷ್ ಸಲಿಕೆ ಹಿಡಿದು ನಿಂತು ಒಳಗೆ ಇಣುಕಿದ. ಕುಣಿಯ ಮೇಲೆ ಲಾಳಿ ಸುಮ್ಮನೆ ಬಿದ್ದಿತ್ತು. ಮಗ್ಗದ ಹತ್ತಿರ ಯಾರೂ ಇರಲಿಲ್ಲ.